ಈರುಳ್ಳಿ ಬೇರಿನ ಸ್ಲೈಡ್‌ನಲ್ಲಿ ಬರೀ ಇಂಟರ್‌ಫೇಸ್ (ವಿಭಜನೆ ನಡೆಯದ ಹಂತ) ಕಾಣುತ್ತಿದೆ, ಎಲ್ಲಿ ತಪ್ಪುತ್ತಿದೆ?

ಲ್ಯಾಬ್‌ಬೆಂಚು:
ಪಿಯುಸಿ ಪ್ರಾಯೋಗಿಕ ತರಗತಿಗೆ ಮೈಟಾಸಿಸ್ (ಸಾಮಾನ್ಯ ಕೋಶವಿಭಜನೆ) ಸ್ಲೈಡ್ ಬೇಕು. ಈಗಿನ ಕ್ರಮ ಹೀಗಿದೆ: ಲೋಟದ ಬಾಯಿಗೆ ಈರುಳ್ಳಿ ಕೂರಿಸಿ 5 ದಿನ ಬಿಡುವುದು, ಬೇರು 5 ಸೆಂ.ಮೀ. ಆದ ಮೇಲೆ ಮಧ್ಯಾಹ್ನ ತುದಿಯ 1 ಸೆಂ.ಮೀ. ಕತ್ತರಿಸುವುದು, ಹೋದ ವಾರ ಬೆರೆಸಿಟ್ಟ ಅಸಿಟೋ-ಆಲ್ಕೋಹಾಲ್‌ನಲ್ಲಿ 24 ಗಂಟೆ ಇಡುವುದು, ಅಸಿಟೋಕಾರ್ಮೈನ್ ಬಣ್ಣ ಹಾಕಿ ಬಿಸಿ ಮಾಡಿ ಇಡೀ ತುಂಡನ್ನು ಕವರ್‌ಸ್ಲಿಪ್ ಕೆಳಗೆ ಒತ್ತುವುದು. ಕಾಣುವುದು ಇಟ್ಟಿಗೆ ಪೇರಿಸಿದಂಥ ಉದ್ದುದ್ದ ಕೋಶಗಳು, ಗೋಡೆಗೆ ಅಂಟಿದ ಕೋಶಕೇಂದ್ರ, ಅಷ್ಟೇ. ಒಂದು ವರ್ಣತಂತುವೂ ಇಲ್ಲ. ಕಾಲ್ಚಿಸಿನ್ ಹಾಕಿದರೆ ಸರಿಹೋಗುತ್ತದೆಯೇ? ಮಿಯಾಸಿಸ್ (ವರ್ಣತಂತುಗಳ ಸಂಖ್ಯೆ ಅರ್ಧವಾಗುವ ವಿಭಜನೆ) ತೋರಿಸಲು ಸುಲಭವಾಗಿ ಸಿಗುವ ವಸ್ತು ಯಾವುದು?

ಬೇರುತುದಿ:
ಸರ್, ಬಣ್ಣದ ತಪ್ಪಲ್ಲ, ಜಾಗದ ತಪ್ಪು. ಕೋಶ ಉದ್ದವಾಗಿ ಕೋಶಕೇಂದ್ರ ಗೋಡೆಗೆ ಸರಿದಿದೆ ಎಂದರೆ ನಡುವೆ ರಸದಾನಿ (ವ್ಯಾಕ್ಯೂಲ್) ಬೆಳೆದಿದೆ, ಅದು ಉದ್ದ ಬೆಳೆಯುವ ವಲಯ. ಅಲ್ಲಿ ವಿಭಜನೆ ಮುಗಿದುಹೋಗಿರುತ್ತದೆ. ವಿಭಜನೆ ನಡೆಯುವುದು ಬೇರುಟೋಪಿಯ ಹಿಂದಿನ ಒಂದೆರಡು ಮಿಲಿಮೀಟರ್‌ನಲ್ಲಿ. ಅಲ್ಲಿನ ಕೋಶಗಳು ಚಿಕ್ಕವು, ಚೌಕ, ಕೋಶಕೇಂದ್ರವೇ ಕೋಶದ ಬಹುಪಾಲು ತುಂಬಿರುತ್ತದೆ. 1 ಸೆಂ.ಮೀ. ತುಂಡನ್ನು ಪೂರ್ತಿ ಒತ್ತಿದರೆ ಬೇಕಾದ ಕೋಶಗಳು ಬೇಡದವುಗಳ ರಾಶಿಯಲ್ಲಿ ಕಳೆದುಹೋಗುತ್ತವೆ.

ಬೇರು 1.5–2 ಸೆಂ.ಮೀ. ಇದ್ದಾಗಲೇ ತೆಗೆಯಿರಿ, 5 ಸೆಂ.ಮೀ. ತನಕ ಕಾಯಬೇಡಿ. ನೆಡುವ ಮುನ್ನ ಗಡ್ಡೆಯ ತಳದ ಒಣ ಬೇರುಗಳನ್ನು ಬ್ಲೇಡಿನಿಂದ ಹೆರೆಯಿರಿ. ತಳ ಮಾತ್ರ ನೀರಿಗೆ ತಾಗಬೇಕು, ನೀರನ್ನು ದಿನಾ ಬದಲಿಸಬೇಕು. ಗಡ್ಡೆ ಹಠಮಾರಿಯಾಗಿ ಬೇರು ಬಿಡದಿದ್ದರೆ ಬೆಳ್ಳುಳ್ಳಿ ಎಸಳು ಇಡಿ. ಅದರದ್ದೂ 2ಎನ್ (ಕೋಶದ ಒಟ್ಟು ವರ್ಣತಂತು) = 16, ಬೇರೂ ಬೇಗ ಬರುತ್ತದೆ.

ಸ್ಥಿರೀಕರಣ ದ್ರಾವಣ (ನಿಮ್ಮ ಅಸಿಟೋ-ಆಲ್ಕೋಹಾಲ್, ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸುವುದು): ಗ್ಲೇಸಿಯಲ್ ಅಸಿಟಿಕ್ ಆಮ್ಲ 1 ಪಾಲು, ಈಥೈಲ್ ಆಲ್ಕೋಹಾಲ್ 3 ಪಾಲು. ಆಗಿಂದಾಗ್ಗೆ ಬೆರೆಸಿಕೊಳ್ಳಿ. ಇಟ್ಟಷ್ಟೂ ಆಮ್ಲವೂ ಆಲ್ಕೋಹಾಲೂ ಸೇರಿ ಎಸ್ಟರ್ ಆಗುತ್ತಾ ಹೋಗುತ್ತದೆ, ಹೋದ ವಾರದ ಬಾಟಲಿಯನ್ನು ನಂಬಲಾಗದು. ಅಂಗಡಿಯ ಬಣ್ಣ ಬೆರೆಸಿದ ಸ್ಪಿರಿಟ್ ಬೇಡವೇ ಬೇಡ. 24 ಗಂಟೆಯ ನಂತರ 70% ಆಲ್ಕೋಹಾಲ್‌ಗೆ ವರ್ಗಾಯಿಸಿದರೆ ಫ್ರಿಜ್‌ನಲ್ಲಿ ವಾರಗಟ್ಟಲೆ ಇಡಬಹುದು.

ನೀವು ಬಿಟ್ಟಿರುವ ಹಂತ ಆಮ್ಲದ್ದು. ಸಸ್ಯಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್, ಅದು ಕರಗದೆ ಕೋಶಗಳು ಬಿಡಿಯಾಗವು. 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು 60 ಡಿಗ್ರಿಗೆ ತಂದು ಬೇರನ್ನು 8–10 ನಿಮಿಷ ಬಿಡಿ. (ಸಾಂದ್ರ ಆಮ್ಲ ಸುಮಾರು 12 ನಾರ್ಮಲ್. 8.5 ಮಿ.ಲೀ. ಆಮ್ಲವನ್ನು 80 ಮಿ.ಲೀ.ಯಷ್ಟು ನೀರಿಗೆ ನಿಧಾನ ಸುರಿದು 100ಕ್ಕೆ ತುಂಬಿಸಿ. ಆಮ್ಲಕ್ಕೆ ನೀರು ಸುರಿಯಬಾರದು.) ಕಡಿಮೆಯಾದರೆ ಕೋಶಗಳು ಒಂದರ ಮೇಲೊಂದು ಕೂರುತ್ತವೆ. ಹೆಚ್ಚಾದರೆ ತುದಿ ಚಿಮಟಕ್ಕೆ ಸಿಗದಷ್ಟು ಮೆತ್ತಗಾಗಿ ಬಣ್ಣವೂ ಸಪ್ಪೆಯಾಗುತ್ತದೆ. ಆಮೇಲೆ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ, ಆಮ್ಲ ಉಳಿದರೆ ಬಣ್ಣ ಹಿಡಿಯದು.

ಬಣ್ಣ ಹಾಕಿ ಸ್ಪಿರಿಟ್ ದೀಪದ ಮೇಲೆ ಹಾಯಿಸಿ, ಅಂಗೈ ಹಿಂಬದಿಗೆ ತಾಗಿಸಿದರೆ ಸಹಿಸುವಷ್ಟೇ ಬಿಸಿ. ಕುದಿಸಿದರೆ ಗುಳ್ಳೆ ಬರುತ್ತದೆ. 5–10 ನಿಮಿಷದಲ್ಲಿ ತುದಿ ಮಿಕ್ಕ ಬೇರಿಗಿಂತ ಗಾಢವಾಗಿ ಕಾಣುತ್ತದೆ. ಆ ಗಾಢ ಭಾಗದ 2 ಮಿ.ಮೀ. ಮಾತ್ರ ಉಳಿಸಿ, ಮಿಕ್ಕದ್ದನ್ನು ಸ್ಲೈಡ್‌ನಿಂದ ಎತ್ತಿ ಬಿಸಾಕಿ. ಹೊಸ ಹನಿ, ಕವರ್‌ಸ್ಲಿಪ್, ಪೆನ್ಸಿಲಿನ ಮೊಂಡು ತುದಿಯಿಂದ ಮೃದುವಾಗಿ ತಟ್ಟುವುದು. ಕೊನೆಗೆ ಬ್ಲಾಟಿಂಗ್ ಪೇಪರ್ ಮಡಿಸಿಟ್ಟು ಹೆಬ್ಬೆರಳಿನಿಂದ ನೇರ ಕೆಳಗೆ ಒತ್ತಿ. ಕವರ್‌ಸ್ಲಿಪ್ ಕೂದಲೆಳೆಯಷ್ಟು ಜಾರಿದರೂ ಕೋಶಗಳು ಉರುಳಿ ಬತ್ತಿಯಾಗುತ್ತವೆ.

ಕದಿರೆಳೆ:
ಕಾಲ್ಚಿಸಿನ್ ಬಗ್ಗೆ: ನಿಮಗೆ ಬೇಕಿರುವುದು ಎಲ್ಲ ಹಂತಗಳಾದರೆ ಅದರ ತಂಟೆಗೆ ಹೋಗಬೇಡಿ. ಅದು ಟ್ಯೂಬುಲಿನ್ ಪ್ರೋಟೀನಿಗೆ ಅಂಟಿ, ವರ್ಣತಂತುಗಳನ್ನು ಎಳೆಯುವ ಕದಿರು ಕಟ್ಟದಂತೆ ತಡೆಯುತ್ತದೆ. ಕೋಶಗಳು ಮೆಟಾಫೇಸ್‌ನಲ್ಲೇ (ವರ್ಣತಂತುಗಳು ನಡುವೆ ಸಾಲಾಗುವ ಹಂತ) ನಿಂತು, ಅನಾಫೇಸ್ (ಅವು ಎರಡು ಧ್ರುವಗಳಿಗೆ ಸರಿಯುವ ಹಂತ) ಹುಡುಕಿದರೂ ಸಿಗದು. ವರ್ಣತಂತು ಎಣಿಸುವುದು, ಅವನ್ನು ಗಾತ್ರ, ಆಕಾರದ ಪ್ರಕಾರ ಸಾಲಿಟ್ಟು ಕ್ಯಾರಿಯೋಟೈಪ್ ಜೋಡಿಸುವುದು ಇದ್ದರೆ ಮಾತ್ರ 0.05% ದ್ರಾವಣದಲ್ಲಿ 3–4 ಗಂಟೆ, ಅದೂ ಸ್ಥಿರೀಕರಣಕ್ಕೆ ಮುಂಚೆ. ಸತ್ತ ಕೋಶಕ್ಕೆ ಹಾಕಿ ಪ್ರಯೋಜನವಿಲ್ಲ. ನಮ್ಮ ಬೇಲಿಯ ಗೌರಿ ಹೂವಿನ ಗಡ್ಡೆಯಲ್ಲಿರುವ ವಿಷವೂ ಇದೇ, ಕೈಗವಸು ಕಡ್ಡಾಯ. ವಿದ್ಯಾರ್ಥಿಗಳ ಕೈಗೆ ಕೊಡುವುದಾದರೆ 0.002 ಮೋಲಾರ್ 8-ಹೈಡ್ರಾಕ್ಸಿಕ್ವಿನೋಲಿನ್ ವಾಸಿ. ಪ್ಯಾರಾಡೈಕ್ಲೋರೋಬೆಂಜೀನ್ ಆಗುತ್ತದೆಂದು ಕೇಳಿ ನುಸಿಗುಳಿಗೆ ತರಬೇಡಿ, ಹಲವು ಬರೀ ನ್ಯಾಫ್ತಲೀನ್.

ಬೆಳಗ್ಗೆ ಇಷ್ಟು ಗಂಟೆಗೇ ಕತ್ತರಿಸಬೇಕು ಎಂದು ಒಬ್ಬೊಬ್ಬರು ಒಂದೊಂದು ಮುಹೂರ್ತ ಹೇಳುತ್ತಾರೆ. ನೀರಿನ ಉಷ್ಣತೆ, ತಳಿ, ಬೇರಿನ ವಯಸ್ಸು ಎಲ್ಲಕ್ಕೂ ಪಾಲಿದೆ. ಬೆಳಗ್ಗೆ 6ರಿಂದ 12ರವರೆಗೆ ಎರಡು ಗಂಟೆಗೊಮ್ಮೆ ನಾಲ್ಕು ಬೇರು ತೆಗೆದು ಬೇರೆ ಬೇರೆ ಸೀಸೆಯಲ್ಲಿ ಸಮಯ ಬರೆದಿಡಿ. ನಿಮ್ಮ ಲ್ಯಾಬಿನ ಒಳ್ಳೆಯ ಗಂಟೆ ಯಾವುದೆಂದು ಎಣಿಕೆಯೇ ಹೇಳುತ್ತದೆ.

ಲ್ಯಾಬ್‌ಬೆಂಚು:
ಧನ್ಯವಾದ. ಸರಿಯಾದ 2 ಮಿ.ಮೀ. ಹಿಡಿದರೂ ಇಂಟರ್‌ಫೇಸ್ ಎಷ್ಟಿರುವುದು ಸಹಜ? ಅನಾಫೇಸ್‌ನಲ್ಲಿ ವರ್ಣತಂತು 16 ಎನ್ನಬೇಕೋ 32 ಎನ್ನಬೇಕೋ?

ಎಣಿಕೆಗಾರ:
ಸ್ಥಿರೀಕರಣವೆಂದರೆ ಓಡುವ ಗುಂಪನ್ನು ಒಂದೇ ಕ್ಷಣದಲ್ಲಿ ಕಲ್ಲಾಗಿಸಿದಂತೆ. ಯಾವ ಹಂತಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೋ ಅಲ್ಲಿ ಹೆಚ್ಚು ಕೋಶಗಳು ಸಿಕ್ಕಿಬೀಳುತ್ತವೆ. ಹಾಗಾಗಿ ಒಳ್ಳೆಯ ಸ್ಲೈಡ್‌ನಲ್ಲೂ ಇಂಟರ್‌ಫೇಸ್‌ನದೇ ಬಹುಮತ. ಲೆಕ್ಕದ ಮಾದರಿಗೆ, 400 ಕೋಶ ಎಣಿಸಿದಿರಿ ಎನ್ನಿ: ಇಂಟರ್‌ಫೇಸ್ 352, ಪ್ರೊಫೇಸ್ 30, ಮೆಟಾಫೇಸ್ 8, ಅನಾಫೇಸ್ 4, ಟೀಲೋಫೇಸ್ 6. ವಿಭಜನೆಯಲ್ಲಿರುವುದು 48, ಮೈಟಾಟಿಕ್ ಸೂಚ್ಯಂಕ 48 ÷ 400 × 100 = 12. ಕೋಶಚಕ್ರಕ್ಕೆ 20 ಗಂಟೆ, ಅಂದರೆ 1200 ನಿಮಿಷ ಎಂದುಕೊಂಡರೆ ಮೆಟಾಫೇಸ್‌ಗೆ 24 ನಿಮಿಷ, ಅನಾಫೇಸ್‌ಗೆ 12. ಇದು ಅಂದಾಜು ಮಾತ್ರ. ವಲಯದ ಕೋಶಗಳೆಲ್ಲ ವಿಭಜಿಸುತ್ತಿವೆ, ಒಂದೇ ತಾಳದಲ್ಲಿಲ್ಲ ಎಂಬ ಊಹೆ ಇದರ ಹಿಂದಿದೆ. ಎಲ್ಲೋ ಎರಡು ಒಳ್ಳೆಯ ಗುಂಪು ನೋಡಿ ಅಲ್ಲೇ ಎಣಿಸಿದರೆ ಲೆಕ್ಕ ಕೆಡುತ್ತದೆ, ಸಾಲು ಹಿಡಿದು ಎಣಿಸಿ.

16ಕ್ಕೂ 32ಕ್ಕೂ: ಎಣಿಸಬೇಕಾದ್ದು ಸೆಂಟ್ರೊಮಿಯರ್, ಅಂದರೆ ವರ್ಣತಂತುವಿನ ಜೋಡಿ ಎಳೆಗಳು ಕೂಡಿರುವ ಗಂಟು. ಮೆಟಾಫೇಸ್‌ನಲ್ಲಿ 16 ವರ್ಣತಂತು, 32 ಕ್ರೊಮಾಟಿಡ್ (ಜೋಡಿಯ ಒಂದೊಂದು ಎಳೆ). ಅನಾಫೇಸ್‌ನಲ್ಲಿ ಜೋಡಿ ಬಿಟ್ಟ ಕ್ಷಣದಿಂದ ಪ್ರತಿ ಕ್ರೊಮಾಟಿಡ್ ತಾನೇ ವರ್ಣತಂತು, ಧ್ರುವಕ್ಕೆ 16ರಂತೆ ಕೋಶದಲ್ಲಿ 32. ಡಿಎನ್‌ಎ ಪ್ರಮಾಣ ಬೇರೆ ಲೆಕ್ಕ: ಜಿ1ರಲ್ಲಿ (ಡಿಎನ್‌ಎ ನಕಲಾಗುವ ಮುನ್ನ) 2ಸಿ, ಎಸ್ (ನಕಲಾಗುವ ಹಂತ) ಮುಗಿದಾಗ 4ಸಿ, ಅಂದರೆ ದುಪ್ಪಟ್ಟು, ವರ್ಣತಂತು ಆಗಲೂ 16ರಷ್ಟೇ. ವಿದ್ಯಾರ್ಥಿಗಳು ಎಡವುವುದು ಇಲ್ಲೇ.

ಬೇರುತುದಿ:
ಮಿಯಾಸಿಸ್ ಉಳಿಯಿತು. ಬೇರಿನಲ್ಲಿ ಅದು ಸಿಗದು. ಈರುಳ್ಳಿ ಬೀಜದ ತಾಕಿನಿಂದ ಇನ್ನೂ ಬಿಚ್ಚದ ಹೂಗೊಂಚಲು ತಂದು ಅದೇ 1:3 ದ್ರಾವಣದಲ್ಲಿಡಿ. ನಂತರ ಮೊಗ್ಗುಗಳನ್ನು ಗಾತ್ರದ ಪ್ರಕಾರ ಸಾಲಿಡಿ. ನಡುವಿನದರಿಂದ ಒಂದು ಪರಾಗಕೋಶ ತೆಗೆದು ಅಸಿಟೋಕಾರ್ಮೈನ್‌ನಲ್ಲಿ ಒಡೆದು ನೋಡಿ. ನಾಲ್ಕು ನಾಲ್ಕರ ಗುಂಪು ಕಂಡರೆ ವಿಭಜನೆ ಮುಗಿದು ತಡವಾಗಿದೆ, ಚಿಕ್ಕ ಮೊಗ್ಗಿಗೆ ಹೋಗಿ. ವರ್ಣತಂತು ಮೂಡದ ಕೋಶಗಳಷ್ಟೇ ಇದ್ದರೆ ದೊಡ್ಡದಕ್ಕೆ ಹೋಗಿ. ಪರಾಗಕೋಶ ಹಳದಿಯಾಗಿದ್ದರೆ ಒಡೆಯುವುದೇ ವ್ಯರ್ಥ. ಮೆಟಾಫೇಸ್-1ರಲ್ಲಿ (ಮೊದಲ ವಿಭಜನೆಯ ಮೆಟಾಫೇಸ್) 8 ಜೋಡಿಗಳನ್ನು ನಿಚ್ಚಳವಾಗಿ ಎಣಿಸಬಹುದು. ಇದು ಏಕದಳ ಸಸ್ಯ, ಮೊದಲ ವಿಭಜನೆ ಮುಗಿದೊಡನೆ ಗೋಡೆ ಬರುವುದರಿಂದ ಎರಡು ಕೋಶದ ಹಂತವೂ ಸಿಗುತ್ತದೆ. ಬೀಜದ ತಾಕು ಹತ್ತಿರವಿಲ್ಲದಿದ್ದರೆ ಕುಂಡದಲ್ಲಿ ಬೆಳೆಸುವ, ಎಲೆಯಡಿ ನೇರಳೆ, ದೋಣಿಯಂಥ ಹೂಪೊರೆಯ ರೋಯಿಯೊ ಸಾಕು. 2ಎನ್ = 12, ಆದರೆ 6 ಜೋಡಿ ಹುಡುಕಬೇಡಿ. ವರ್ಣತಂತುಗಳ ತುಂಡುಗಳು ಅದಲುಬದಲಾಗಿರುವುದರಿಂದ ತುದಿಗೆ ತುದಿ ಕೊಂಡಿ ಹಾಕಿ ಉಂಗುರವಾಗಿಯೋ ಸರಪಳಿಯಾಗಿಯೋ ನಿಲ್ಲುತ್ತವೆ.

ಕದಿರೆಳೆ:
ಪ್ರಾಣಿಯದ್ದು ಬೇಕಾದರೆ ಗಂಡು ಮಿಡತೆಯ ವೃಷಣ. ಎಕ್ಕದ ಗಿಡದ ಮೇಲಿನ ಹಳದಿ-ನೀಲಿ ಪಟ್ಟೆಯ ಮಿಡತೆ ಚೆನ್ನಾಗಿ ಒದಗುತ್ತದೆ. ಗಂಡಿನಲ್ಲಿ 2ಎನ್ = 19: 9 ಜೋಡಿ, ಜೊತೆಗಾರನಿಲ್ಲದ ಒಂದು ಎಕ್ಸ್ ವರ್ಣತಂತು. ಪ್ರೊಫೇಸ್-1ರಲ್ಲಿ ಮಿಕ್ಕವು ಎಳೆಯಾಗಿರುವಾಗ ಎಕ್ಸ್ ಮಾತ್ರ ಗಾಢ ಚುಕ್ಕೆ. ಅದನ್ನು ಕೊಳೆ ಎಂದುಕೊಂಡು ಬಿಟ್ಟುಬಿಡಬೇಡಿ. ವೃಷಣದ ಒಂದೆರಡು ನಳಿಕೆ ಸಾಕು. ಬೇರಿನ ಕ್ರಮವನ್ನು ಇಲ್ಲಿ ಹಾಗೇ ನಕಲು ಮಾಡಬಾರದು: ಕೋಶಭಿತ್ತಿ ಇಲ್ಲ, ಬಿಸಿ ಆಮ್ಲದ ಹಂತ ಬೇಡ, ಪೆನ್ಸಿಲಿನ ಪೆಟ್ಟೂ ಬೇಡ. 2% ಅಸಿಟೋಆರ್ಸೀನ್ ಬಣ್ಣದ ಹನಿಯಲ್ಲಿ 15–20 ನಿಮಿಷ ಬಿಟ್ಟು ಬೆರಳಿನಿಂದ ಒಂದೇ ಸಲ ಒತ್ತಿ. ಹೆಣ್ಣು ಮಿಡತೆ ತಂದು ಇಡೀ ತರಗತಿಯ ಹೊತ್ತು ಕಳೆಯುವವರಿದ್ದಾರೆ, ಕತ್ತರಿಸುವ ಮೊದಲು ಹೊಟ್ಟೆಯ ತುದಿ ನೋಡಿ. ಮೊಟ್ಟೆಯಿಡುವ ಕವಲು ಮುಳ್ಳುಗಳಿದ್ದರೆ ಗಿಡಕ್ಕೆ ವಾಪಸ್ ಬಿಡಿ.