ಉದ್ಯಾನಕ್ಕೆ ಇಂಟರ್‌ಲಾಕ್ ಹಾಸುವ ಮುನ್ನ ಸಲ್ಲಿಸಬೇಕಾದ ಮನವಿಯ ಕುರಿತು

ಸಂಘದ ಕಾರ್ಯದರ್ಶಿ: ಆತ್ಮೀಯ ನಿವಾಸಿಗಳೇ, ನಮ್ಮ ಉದ್ಯಾನದ ನವೀಕರಣಕ್ಕೆ ಸಿದ್ಧವಾಗಿರುವ ಅಂದಾಜುಪಟ್ಟಿಯಲ್ಲಿ ನಡಿಗೆಯ ಹಾದಿಗಷ್ಟೇ ಅಲ್ಲದೆ ಹೊಂಗೆಮರಗಳ ಕೆಳಗಿನ ಜಾಗಕ್ಕೂ ಇಂಟರ್‌ಲಾಕ್ ಹಾಸುವುದು ಮತ್ತು ಬಹಳ ಎತ್ತರದ ಕಂಬದ ಎರಡು ಹೈಮಾಸ್ಟ್ ದೀಪ ನಿಲ್ಲಿಸುವುದು ಸೇರಿವೆ. ಕಾಮಗಾರಿ ಆರಂಭವಾಗುವ ಮೊದಲೇ ಬದಲಾವಣೆ ಕೋರಿ ಲಿಖಿತ ಮನವಿ ಕೊಡಬೇಕಾಗಿದ್ದು, ದಯವಿಟ್ಟು ಅಭಿಪ್ರಾಯ ತಿಳಿಸಿ.

4ನೇ ಅಡ್ಡರಸ್ತೆಯ ಹಿರಿಯ ನಿವಾಸಿ: ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂತಹ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇರುಗಳೆದ್ದು ಮಳೆಗೆ ಕೊರೆದುಹೋಗಿರುವ ಈಗಿನ ಹಾದಿಯಲ್ಲಿ ಮಂಡಿನೋವಿನವರು ಒಂದು ಸುತ್ತು ಹಾಕುವುದೂ ಕಷ್ಟ. ಹಾದಿ ಸಮತಟ್ಟಾಗಲೇಬೇಕು. ಗಿಡಗಂಟಿ ಬೆಳೆಯಲು ಬಿಟ್ಟರೆ ಹಾವು, ಸೊಳ್ಳೆಗಳ ಹೊಣೆ ಯಾರದು?

7ನೇ ಅಡ್ಡರಸ್ತೆಯ ನಿವಾಸಿ: ಹಿರಿಯರ ಮಾತು ನ್ಯಾಯವಾದದ್ದು. ಹಾದಿಯನ್ನು ಗಟ್ಟಿಸಿ ಸಮ ಮಾಡಲಿ, ಹಿಡಿದು ಏಳಲು ಕೈಯಿರುವ ಬೆಂಚುಗಳನ್ನೂ ಹಾಕಲಿ. ಆದರೆ ಬುಡದವರೆಗೆ ಕಲ್ಲು ಹಾಸಿದರೆ ನೀರಿಂಗದು, ಬೇರಿಗೆ ಗಾಳಿಯಾಡದು. ದೆಹಲಿಯ ಮರಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿಯೇ ಬುಡದಿಂದ ಒಂದು ಮೀಟರ್ ಒಳಗಿನ ಕಾಂಕ್ರೀಟನ್ನು ತೆಗೆಸಲು ಆದೇಶಿಸಿತ್ತು. ಇನ್ನು ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿರುವಲ್ಲಿ. ಕೆಟ್ಟುನಿಂತ ಕಾರಂಜಿಯ ತೊಟ್ಟಿಯಲ್ಲಿ ಬಿದ್ದಿರುವ ತೆಂಗಿನ ಚಿಪ್ಪು, ಕಾಫಿ ಲೋಟಗಳನ್ನು ಒಮ್ಮೆ ನೋಡಿದರೆ ನಮ್ಮ ಸೊಳ್ಳೆಗಳ ತವರು ಯಾವುದೆಂದು ತಿಳಿಯುತ್ತದೆ. ಮಕ್ಕಳು ಆಡುವ ಕಡೆ ಹುಲ್ಲು ಕತ್ತರಿಸಲಿ. ಹಿಂಬದಿ ಕಾಂಪೌಂಡಿನ ಪಟ್ಟಿಯಲ್ಲಷ್ಟೇ ಎಕ್ಕ, ತಂಗಡಿ, ಕರಿಬೇವುಗಳನ್ನು ಉಳಿಸಿಕೊಳ್ಳೋಣ. ಕಳೆಯೆಂದು ನಾವು ಕೀಳಿಸುವ ಎಕ್ಕದ ಎಲೆಯಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳುಗಳು ಈಗಲೂ ಸಿಗುತ್ತವೆ. ಅವು ಪ್ಲೇನ್ ಟೈಗರ್ ಚಿಟ್ಟೆಯ ಮರಿಗಳು. ದಾಸವಾಳದ ಎಲೆ ಕೊಟ್ಟರೆ ಅವು ಬದುಕುವುದಿಲ್ಲ.

2ನೇ ಅಡ್ಡರಸ್ತೆಯ ನಿವಾಸಿ: ಕೆಲಸ ಮುಗಿಸಿ ಕತ್ತಲಾದ ಮೇಲೆ ನಡೆಯಲು ಬರುವ ನನ್ನಂತಹ ಹೆಂಗಸರಿಗೆ ಬೆಳಕು ಬೇಕೇ ಬೇಕು. ಆದರೆ ಅದು ಕಾಲಿನ ಮುಂದೆ ಬೀಳಬೇಕೇ ಹೊರತು ಮರದ ನೆತ್ತಿಗಲ್ಲ. ಹಾದಿಯುದ್ದಕ್ಕೂ ಕೆಳಮುಖದ ಗಿಡ್ಡ ದೀಪಗಳಿದ್ದು, ಗೇಟು ಮುಚ್ಚಿದ ಮೇಲೆ ಆರಿಸಿದರೆ ಗೂಬೆ, ಬಾವಲಿಗಳಿಗೂ ತೊಂದರೆಯಿಲ್ಲ. ತರಗೆಲೆ ಸುಡುವುದು ಮಾತ್ರ ನಿಲ್ಲಲೇಬೇಕು. ಆ ಹೊಗೆ ನೇರವಾಗಿ ನಮ್ಮ ಅತ್ತೆಯವರ ಕೋಣೆಗೆ ಬರುತ್ತದೆ, ಅವರಿಗೆ ಉಬ್ಬಸವಿದೆ.

ಸಂಘದ ಕಾರ್ಯದರ್ಶಿ: ಉದ್ಯಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆಂದೇ ಇರುವ 1985ರ ರಾಜ್ಯ ಕಾಯ್ದೆಯನ್ನು ಉಲ್ಲೇಖಿಸಿ ಇವಿಷ್ಟನ್ನೂ ಮನವಿಯಲ್ಲಿ ಸೇರಿಸುತ್ತೇನೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಾಲಿಯವರ ಕೋಣೆಯ ಬಳಿ ಸಹಿಗೆ ಬನ್ನಿ. ತೊಟ್ಟಿಯನ್ನು ಅಂದೇ ಖಾಲಿ ಮಾಡೋಣ, ಬಕೆಟ್ ಇರುವವರು ತನ್ನಿ. ತರಗೆಲೆ ಸುಡುವ ಬದಲು ತೋಡುವ ಎಲೆಗೊಬ್ಬರದ ಗುಂಡಿಯ ಉಸ್ತುವಾರಿಗೆ ಇಬ್ಬರು ಹೆಸರು ಕೊಡಬೇಕು.

4ನೇ ಅಡ್ಡರಸ್ತೆಯ ಹಿರಿಯ ನಿವಾಸಿ: ಗೊಬ್ಬರದ ಗುಂಡಿಗೆ ನನ್ನ ಹೆಸರು ಬರೆದುಕೊಳ್ಳಿ. ಅಗೆಯಲು ಮಾತ್ರ ಬೇರೆಯವರು ಬರಲಿ.