ಬಾತುಕೋಳಿ ಹೊಂಡದ ನೀರು ನಾಲ್ಕೇ ದಿನಕ್ಕೆ ಹಸಿರಾಗುತ್ತದೆ, ಗಿಡ ಹಾಕಿದರೆ ತಿಳಿಯಾಗುತ್ತಾ?

ಪ್ರಶ್ನೆ (ಜಮಖಂಡಿ ಹತ್ತಿರದ ಹಳ್ಳಿಯಿಂದ):
ನಮಸ್ಕಾರ ಸರ್. ಹಿತ್ತಲಲ್ಲಿ 8 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳದ ಹೊಂಡ ತೋಡಿ ತಾಡಪತ್ರಿ ಹಾಸಿದ್ದೇವೆ. ಆರು ಬಾತುಕೋಳಿ ಇವೆ. ಬೋರಿನ ನೀರು ತುಂಬಿಸಿದರೆ ನಾಲ್ಕೇ ದಿನಕ್ಕೆ ಹಸಿರು ತಿರುಗಿ ವಾಸನೆ ಶುರು. ಅಂತರಗಂಗೆ ತಂದು ಬಿಟ್ಟೆವು, ಬೇರು ಸಮೇತ ಹರಿದು ಚೆಲ್ಲಿದವು. ತಾವರೆಗೂ ಅದೇ ಗತಿ. ಬೇಸಿಗೆಯಲ್ಲಿ ಬೋರು ಇಳಿಯುತ್ತದೆ, ಪದೇ ಪದೇ ನೀರು ಬದಲಿಸಲು ಆಗುವುದಿಲ್ಲ. ಬಾತು ಮುಟ್ಟದಂಥ, ನೀರು ತಿಳಿ ಮಾಡುವಂಥ ಗಿಡ ಯಾವುದಾದರೂ ಇದೆಯಾ?

ಉತ್ತರ (ಗಿಡಗಳಿಂದ ನೀರು ಸೋಸುವ ತೊಟ್ಟಿ ಕಟ್ಟಿಕೊಡುವವರು, ಬೆಳಗಾವಿ):
ನಮಸ್ಕಾರ. ಬಾತು ಮುಟ್ಟದ ಗಿಡ ಹುಡುಕುವುದನ್ನು ಬಿಡಿ. ತಿನ್ನದಿದ್ದರೂ ಅವು ಕೊಕ್ಕಿನಿಂದ ಬುಡ ಕೆದರುತ್ತವೆ, ಬೇರು ಸಡಿಲ ಮಾಡುತ್ತವೆ. ಅದು ಅವುಗಳ ಸ್ವಭಾವ. ಗಿಡ ಹೊಂಡದೊಳಗೆ ಬೇಡ, ಹೊಂಡದ ಪಕ್ಕದಲ್ಲಿ ಇರಲಿ. ನೀರನ್ನೇ ಗಿಡದ ಹತ್ತಿರ ಕಳಿಸಬೇಕು.

ನೀರು ಹಸಿರಾಗುವುದು ಯಾಕೆ ಅಂತ ಮೊದಲು ನೋಡಿ. ಬಾತಿನ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಜಾಸ್ತಿ. ನಾವು ಹೊಲಕ್ಕೆ ಹಾಕುವ ಯೂರಿಯಾ, ಡಿಎಪಿಯಲ್ಲಿ ಇರುವುದೂ ಇವೇ. ಅಂದರೆ ಆರು ಬಾತು ದಿನಾ ನಿಮ್ಮ ಹೊಂಡಕ್ಕೆ ಗೊಬ್ಬರ ಹಾಕುತ್ತಿವೆ. ನಮ್ಮ ಕಡೆಯ ಬಿಸಿಲೂ ಸೇರಿದರೆ ಪಾಚಿ ಬೆಳೆಯದೆ ಇನ್ನೇನು? ಆ ಗೊಬ್ಬರವನ್ನು ಪಾಚಿಗಿಂತ ಮೊದಲು ಬೇರೆ ಗಿಡ ತಿನ್ನಬೇಕು, ಅಷ್ಟೇ ಉಪಾಯ.

ನಿಮ್ಮ ಹೊಂಡದಲ್ಲಿ ಸುಮಾರು 2,700 ಲೀಟರ್ ನೀರು ಹಿಡಿಯುತ್ತದೆ. ಪಕ್ಕದಲ್ಲಿ ಸ್ವಲ್ಪ ಎತ್ತರಕ್ಕೆ, 8 ಅಡಿ ಉದ್ದ 3 ಅಡಿ ಅಗಲದ ತೊಟ್ಟಿ ಕಟ್ಟಿಸಿ. ಮೀನಿನ ಹೊಂಡ ಆಗಿದ್ದರೆ ಇಷ್ಟು ದೊಡ್ಡದು ಬೇಕಿರಲಿಲ್ಲ. ಬಾತಿಗೆ ಹೊಂಡದ ಅರ್ಧದಷ್ಟು ಜಾಗ ಬೇಕೇ ಬೇಕು, ಇಲ್ಲಿ ಜಿಪುಣತನ ಮಾಡಬೇಡಿ. ಒಳಗೆ ಒಂದಡಿ ಖಡಿ (ಜಲ್ಲಿಕಲ್ಲು) ತುಂಬಿ. ಕೆಳಗೆ ದಪ್ಪದ್ದು, ಮೇಲೆ ಸಣ್ಣದ್ದು. ಉಸುಕು, ಮಣ್ಣು ಹಾಕಬೇಡಿ, ಬೇಗ ಕಟ್ಟಿಕೊಳ್ಳುತ್ತದೆ. ನೀರು ಒಂದು ತುದಿಯಿಂದ ಬಂದು ಖಡಿಯ ಸಂದಿನಲ್ಲಿ ಹರಿದು, ಇನ್ನೊಂದು ತುದಿಯಿಂದ ತಾನಾಗಿ ಹೊಂಡಕ್ಕೆ ಬೀಳಬೇಕು. ನೀರಿನ ಮಟ್ಟ ಖಡಿಗಿಂತ ಎರಡು ಬೆರಳು ಕೆಳಗಿರಲಿ. ಮೇಲೆ ನೀರು ನಿಲ್ಲದಿದ್ದರೆ ಅಲ್ಲಿ ಸೊಳ್ಳೆ ಹುಟ್ಟುವುದಿಲ್ಲ.

ಆ ಖಡಿಯ ಮೈಮೇಲೆ ಬ್ಯಾಕ್ಟೀರಿಯಾ ಕೂರುತ್ತವೆ. ಹಿಕ್ಕೆಯಿಂದ ಬರುವ ಅಮೋನಿಯಾವನ್ನು ಅವು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅದನ್ನು ಬೇರು ಹೀರುತ್ತದೆ. ಇವು ನೆಲೆಯೂರಲು ಒಂದು, ಒಂದೂವರೆ ತಿಂಗಳು ಬೇಕು. ಅಲ್ಲಿಯವರೆಗೆ ನೀರು ಹಸಿರಾಗಿಯೇ ಇದ್ದರೆ ಗಾಬರಿ ಬೇಡ, ತೊಟ್ಟಿ ಕೆಲಸ ಮಾಡುತ್ತಿಲ್ಲ ಅಂತ ಕಿತ್ತು ತೊಳೆಯಲೂ ಬೇಡಿ.

ಗಿಡದ ಮಾತಿಗೆ ಬಂದರೆ ನನ್ನ ಮೊದಲ ಆಯ್ಕೆ ಕಾಬಾಳೆ, ಅದೇ ಕೆಂಪು ಹಳದಿ ಹೂ ಬಿಡುವ ಕ್ಯಾನಾ. ಬಿಸಿಲಿಗೆ ಜಗ್ಗುವುದಿಲ್ಲ, ಬೇಗ ಬೆಳೆಯುತ್ತದೆ, ಹೊಟ್ಟೆಬಾಕ ಗಿಡ. ಒಂದೊಂದು ಅಡಿಗೆ ಒಂದು ಗಡ್ಡೆ ನೆಡಿ. ಜೊತೆಗೆ ಲಾವಂಚ ಹಾಕಬಹುದು. ನೆರಳಿರುವ ತುದಿಗೆ ಕೆಸು. ಹಳ್ಳದ ದಂಡೆಯ ಆಪು ಪುಕ್ಕಟೆ ಸಿಗುತ್ತದೆ ಅಂತ ತರಬೇಡಿ. ನೀರು ಚೆನ್ನಾಗಿಯೇ ಸೋಸುತ್ತದೆ, ಆದರೆ ಅದರ ಚೂಪು ಗಡ್ಡೆ ತಾಡಪತ್ರಿಯನ್ನು ತೂತು ಮಾಡುತ್ತದೆ. ಸಿಮೆಂಟ್ ತೊಟ್ಟಿ ಇದ್ದವರು ಮಾತ್ರ ಹಾಕಿ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಗಿಡವನ್ನು ಆಗಾಗ ಕತ್ತರಿಸಿ ಹೊರಗೆ ಹಾಕಬೇಕು. ಹೀರಿದ ಸಾರಜನಕ ಆ ಎಲೆ, ದಂಟಿನಲ್ಲೇ ಇರುತ್ತದೆ. ಒಣಗಿ ಅಲ್ಲೇ ಉದುರಿದರೆ ಮತ್ತೆ ನೀರಿಗೇ ಸೇರಿತು. ಹೂ ಮುಗಿದ ದಂಟನ್ನು ಬುಡದಿಂದ ಕೊಯ್ದು ತಿಪ್ಪೆಗೆ ಹಾಕಿ, ಬುಡದಲ್ಲಿ ಹೊಸ ಮೊಳಕೆ ಬರುತ್ತದೆ.

ಪ್ರಶ್ನೆ (ಅದೇ ಜಮಖಂಡಿಯವರು):
ಬಹಳ ಉಪಕಾರ ಆಯ್ತು ಸರ್. ಪಂಪ್ ಯಾವುದು ಹಾಕಲಿ? ಮನೆಯಲ್ಲಿ ಹಳೆಯ ಕೂಲರ್ ಪಂಪ್ ಇದೆ.

ಉತ್ತರ:
ಕೂಲರ್ ಪಂಪ್ ಬೇಡ. ಅದು ತಿಳಿ ನೀರಿಗೆ ಮಾಡಿದ್ದು. ಪುಕ್ಕ ಸಿಕ್ಕಿಕೊಂಡು ಎರಡೇ ದಿನಕ್ಕೆ ನಿಲ್ಲುತ್ತದೆ. ಕೆಸರು ನೀರು ಎಳೆಯುವ ಚಿಕ್ಕ ಸಬ್‌ಮರ್ಸಿಬಲ್ ತನ್ನಿ. ತೊಟ್ಟಿಯ ಎತ್ತರಕ್ಕೆ ತಾಸಿಗೆ 1,500 ಲೀಟರ್‌ನಷ್ಟು ಎತ್ತಿದರೆ ಸಾಕು, ಎರಡು ತಾಸಿಗೊಮ್ಮೆ ಹೊಂಡದ ನೀರೆಲ್ಲ ತಿರುಗುತ್ತದೆ. ತರಕಾರಿ ಕ್ರೇಟಿನೊಳಗೆ ಪಂಪ್ ಇಟ್ಟು ಸುತ್ತ ಶೇಡ್‌ನೆಟ್ ಕಟ್ಟಿ. ಕರೆಂಟಿನ ಜೋಡಣೆ ನೀರಿನಿಂದ ದೂರ ಇರಲಿ. ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸದೆ ಶುರು ಮಾಡಬೇಡಿ. ಮಕ್ಕಳು ಓಡಾಡುವ ಹಿತ್ತಲು, ಇದರಲ್ಲಿ ರಾಜಿ ಇಲ್ಲ.

ಪಂಪಿನ ನೀರು ನೇರವಾಗಿ ಖಡಿಗೆ ಹೋಗಬಾರದು. ನಡುವೆ 200 ಲೀಟರಿನ ನೀಲಿ ಬ್ಯಾರಲ್ ಇಡಿ. ಪೈಪ್ ಬ್ಯಾರಲಿನ ಒಳಗೆ ಅರ್ಧದವರೆಗೆ ಇಳಿಯಲಿ, ತೊಟ್ಟಿಗೆ ಹೋಗುವ ಪೈಪ್ ಮೇಲ್ಗಡೆ ಇರಲಿ. ಹಿಕ್ಕೆ, ಮಣ್ಣು ತಳಕ್ಕೆ ಕೂರುತ್ತದೆ. ಪುಕ್ಕ ತೇಲುತ್ತದೆ, ಮೇಲಿನ ಪೈಪಿನ ಬಾಯಿಗೆ ಜಾಳಿಗೆ ಕಟ್ಟಿದರೆ ಅಲ್ಲೇ ತಡೆಯುತ್ತದೆ. ತಳದಲ್ಲಿ ಒಂದು ನಲ್ಲಿ ಕೂರಿಸಿ, ದಿನಕ್ಕೊಮ್ಮೆ ತಿರುಗಿಸಿ. ಮೊದಲು ಕಪ್ಪು ಗಸಿ ಬರುತ್ತದೆ, ಆಮೇಲೆ ಕಂದು ನೀರು, ಅದು ತೆಳುವಾದ ಕೂಡಲೇ ನಿಲ್ಲಿಸಿ. ಎರಡು ಕೊಡದಷ್ಟು ಹೋಗಬಹುದು. ಅದು ಬಾಳೆಗೆ, ನುಗ್ಗೆಗೆ, ನಿಂಬೆಗೆ ಒಳ್ಳೆಯ ಗೊಬ್ಬರ. ಆದರೆ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲಿನ ಮಡಿಗೆ ಬಿಡಬೇಡಿ. ಅವನ್ನು ನಾವು ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನುತ್ತೇವೆ ಅಲ್ವಾ, ಬಾತಿನ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಪ್ರಶ್ನೆ (ತಿಕೋಟಾ ಕಡೆಯಿಂದ, ದ್ರಾಕ್ಷಿ ಬೆಳೆಗಾರರು):
ಇಷ್ಟೆಲ್ಲ ಯಾಕ್ರೀ? ದ್ರಾಕ್ಷಿಗೆ ಹೊಡೆಯುವ ಮೈಲುತುತ್ತ ಮನೆಯಲ್ಲೇ ಇರುತ್ತದೆ. ಒಂದು ಚಮಚ ಹಾಕಿದರೆ ಪಾಚಿ ಸತ್ತು ಹೋಗುತ್ತದಲ್ಲ?

ಉತ್ತರ:
ಪಾಚಿ ಸಾಯುತ್ತದೆ, ನಿಜ. ಆದರೆ ಸತ್ತ ಪಾಚಿ ಅಲ್ಲೇ ಕೊಳೆಯುತ್ತದೆ, ನೀರಿನ ಆಮ್ಲಜನಕವೆಲ್ಲ ಅದಕ್ಕೇ ಖರ್ಚು. ಗೊಬ್ಬರ ಅಲ್ಲೇ ಉಳಿದಿದೆ, ಆದ್ದರಿಂದ ಪಾಚಿ ಮತ್ತೆ ಬರುತ್ತದೆ, ನೀವು ಮತ್ತೆ ಹಾಕುತ್ತೀರಿ. ಮೈಲುತುತ್ತದಲ್ಲಿರುವ ತಾಮ್ರ ಮಾತ್ರ ಎಲ್ಲಿಗೂ ಹೋಗದೆ ತಳದ ಕೆಸರಿನಲ್ಲಿ ಸೇರುತ್ತಾ ಹೋಗುತ್ತದೆ. ಬಾತು ಕೊಕ್ಕು ಹಾಕಿ ಶೋಧಿಸುವುದು ಅದೇ ಕೆಸರನ್ನು. ದಯವಿಟ್ಟು ಹಾಕಬೇಡಿ. ಬ್ಲೀಚಿಂಗ್ ಪೌಡರ್ ಕೂಡ ಬೇಡ, ಖಡಿಯ ಬ್ಯಾಕ್ಟೀರಿಯಾ ಸಾಯುತ್ತವೆ. ನಗರಸಭೆಯ ನಲ್ಲಿ ನೀರಲ್ಲೂ ಕ್ಲೋರಿನ್ ಇರುತ್ತದೆ, ಅದನ್ನು ತುಂಬುವವರು ಕ್ಲೋರಿನ್ ಹಾರಿ ಹೋಗಲು ಒಂದೆರಡು ದಿನ ತೆರೆದ ಟಾಕಿಯಲ್ಲಿ ಬಿಸಿಲಿಗೆ ಇಟ್ಟು ಆಮೇಲೆ ಬಿಡಿ.

ಪ್ರಶ್ನೆ (ಬಾಗಲಕೋಟೆ ನವನಗರದಿಂದ):
ನೀರ ಮೇಲೆ ತೇಲುವ ಪುಟ್ಟ ಗಿಡ ಅಜೋಲಾ ಹಾಕಿದರೆ ಹೇಗೆ ಸರ್? ನೀರೂ ಸ್ವಚ್ಛ, ಬಾತಿಗೂ ಮೇವು ಅಂತ ಹೇಳುತ್ತಾರೆ.

ಉತ್ತರ:
ಮೇವು ಅನ್ನುವುದು ಪೂರ್ತಿ ನಿಜ, ಸ್ವಚ್ಛ ಅನ್ನುವುದು ಅರ್ಧ ನಿಜ. ಅಜೋಲಾ ತನಗೆ ಬೇಕಾದ ಸಾರಜನಕವನ್ನು ಗಾಳಿಯಿಂದಲೇ ಹಿಡಿಯುತ್ತದೆ, ಅದರ ಎಲೆಯಲ್ಲಿ ಅದಕ್ಕೆಂದೇ ಅನಬೀನಾ ಅನ್ನುವ ಸೂಕ್ಷ್ಮಜೀವಿ ಇರುತ್ತದೆ. ಹಾಗಾಗಿ ನೀರಿನ ಸಾರಜನಕಕ್ಕೆ ಅದು ಅಷ್ಟಾಗಿ ಕೈ ಹಾಕುವುದಿಲ್ಲ. ಬೇರೆ ಗುಂಡಿಯಲ್ಲಿ ಬೆಳೆಸಿ, ದಿನಾ ಬುಟ್ಟಿಯಲ್ಲಿ ತೆಗೆದು ಹಾಕಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಶೇಡ್‌ನೆಟ್ ಇಲ್ಲದೆ ಉಳಿಯುವುದಿಲ್ಲ.

ಅಂತರಗಂಗೆ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅದು ದಕ್ಷಿಣ ಅಮೆರಿಕದಿಂದ ಬಂದ ಕಳೆ. ಬೇಡವಾದದ್ದನ್ನು ಹಳ್ಳಕ್ಕೆ ಎಸೆದರೆ ಘಟಪ್ರಭಾ, ಕೊನೆಗೆ ಆಲಮಟ್ಟಿ ಹಿನ್ನೀರಿಗೇ ಸೇರುತ್ತದೆ. ಒಣಗಿಸಿ ಗೊಬ್ಬರ ಮಾಡಿ, ನೀರಿಗೆ ಮಾತ್ರ ಬಿಡಬೇಡಿ.

ಇನ್ನೊಬ್ಬರು (ಪಶುವೈದ್ಯೆ, ವಿಜಯಪುರ):
ನಡುವೆ ಬಂದಿದ್ದಕ್ಕೆ ಬೇಸರ ಬೇಡ. ಬೇಸಿಗೆಯಲ್ಲಿ ನಿಂತ ಬಿಸಿ ನೀರು, ಕೊಳೆತ ಕಸ, ಸತ್ತ ಇಲಿಯೋ ಹಕ್ಕಿಯೋ ಸೇರಿದರೆ ಬೊಟುಲಿಸಂ ಅನ್ನುವ ವಿಷಬಾಧೆ ಬರಬಹುದು. ಬಾತಿನ ಕಾಲಲ್ಲಿ ಬಲ ಇರುವುದಿಲ್ಲ, ಕತ್ತು ಜೋತು ಬೀಳುತ್ತದೆ. ನೀರಲ್ಲಿದ್ದರೆ ಕತ್ತು ಎತ್ತಲಾಗದೆ ಮುಳುಗಿಯೇ ಸಾಯುತ್ತವೆ. ಕಂಡ ಕೂಡಲೇ ಹೊರಗೆ ತೆಗೆದು ನೆರಳಲ್ಲಿಟ್ಟು ಆಸ್ಪತ್ರೆಗೆ ತನ್ನಿ. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದಂಥ ಕೆನೆ ಕಟ್ಟಿದ್ದರೂ ಬಾತನ್ನು ಇಳಿಸಬೇಡಿ. ಕೆಲವು ನೀಲಿ ಹಸಿರು ಪಾಚಿ ವಿಷ ಬಿಡುತ್ತವೆ.

ಉತ್ತರ:
ಮೇಡಂ ಹೇಳಿದ್ದು ಬಹಳ ಮುಖ್ಯ. ಅದಕ್ಕೇ ಬೇಸಿಗೆಯಲ್ಲಿ ಪಂಪನ್ನು ತಾಸುಗಟ್ಟಲೆ ನಿಲ್ಲಿಸಬೇಡಿ. ಕರೆಂಟ್ ಜಾಸ್ತಿ ಹೋಗುವ ಊರಾದರೆ ಚಿಕ್ಕ ಸೋಲಾರ್ ಪಂಪ್ ಒಳ್ಳೆಯದು, ಬಿಸಿಲಿಗಂತೂ ನಮ್ಮಲ್ಲಿ ಬರ ಇಲ್ಲ. ತೊಟ್ಟಿ ಸರಿಯಾಗಿದೆಯಾ ಅಂತ ಮೂಗೇ ಹೇಳುತ್ತದೆ. ಖಡಿಯನ್ನು ಒಂದು ಗೇಣು ಕೆದರಿ ಮೂಸಿ ನೋಡಿ. ಬೇರು ಬೆಳ್ಳಗಿದ್ದು ಮಣ್ಣಿನ ವಾಸನೆ ಬಂದರೆ ಸರಿ ಇದೆ. ಬೇರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ, ಖಡಿ ಕಟ್ಟಿಕೊಂಡಿದೆ. ಆಗ ಆ ಭಾಗದ ಖಡಿ ಮಾತ್ರ ತೆಗೆದು ಹೊಂಡದ ನೀರಲ್ಲೇ ಜಾಲಿಸಿ ಹಾಕಿ.

ಪ್ರಶ್ನೆ (ಜಮಖಂಡಿ):
ನಮ್ಮದು ಎರೆಮಣ್ಣು ಸರ್. ಬಾತು ಕಾಲಲ್ಲಿ, ಕೊಕ್ಕಲ್ಲಿ ಮಣ್ಣು ತಂದು ನೀರಿಗೆ ಹಾಕುತ್ತವೆ. ಅದಕ್ಕೇನು ಮಾಡಲಿ?

ಉತ್ತರ:
ಹೊಂಡದ ಸುತ್ತ ಮೂರು ಅಡಿ ಫರಸಿ ಕಲ್ಲು ಹಾಸಿ, ಅಥವಾ ದಪ್ಪ ಖಡಿ ಹರಡಿ. ಅಂಚು ಅರ್ಧ ಅಡಿ ಎತ್ತರ ಇದ್ದರೆ ಮಳೆಗಾಲದಲ್ಲಿ ಅಂಗಳದ ನೀರೂ ಒಳಗೆ ನುಗ್ಗುವುದಿಲ್ಲ. ಹತ್ತಿ ಇಳಿಯಲು ಬಾತಿಗೆ ಒಂದು ಇಳಿಜಾರು ಬಿಡಿ. ಜೋಳದ ನುಚ್ಚು, ತೌಡು ಹೊಂಡದ ಹತ್ತಿರ ಹಾಕಬೇಡಿ, ಹತ್ತು ಹದಿನೈದು ಅಡಿ ದೂರ ಇಡಿ. ನೀರಿಲ್ಲದೆ ಅವಕ್ಕೆ ಮೇವು ಗಂಟಲಲ್ಲಿ ಇಳಿಯುವುದಿಲ್ಲ, ಹಾಗಾಗಿ ಪಕ್ಕದಲ್ಲೇ ಕೊಕ್ಕು ಪೂರ್ತಿ ಮುಳುಗುವ ಬೋಗುಣಿಯಲ್ಲಿ ನೀರಿಡಿ, ದಿನಾ ಚೆಲ್ಲಿ ತುಂಬಿ. ಅರ್ಧ ಹೊಲಸು ಆ ಬೋಗುಣಿಯಲ್ಲೇ ನಿಲ್ಲುತ್ತದೆ.

ಕಾಬಾಳೆ ಗಡ್ಡೆಗೆ ನರ್ಸರಿಗೆ ಹೋಗಬೇಕಿಲ್ಲ, ಯಾರ ಅಂಗಳದಲ್ಲಾದರೂ ಗುಂಪು ಕಟ್ಟಿರುತ್ತದೆ, ಕೇಳಿದರೆ ಕೊಡುತ್ತಾರೆ. ಮಣ್ಣು ಪೂರ್ತಿ ತೊಳೆಯಿರಿ, ಎಲೆ ಅರ್ಧ ಕತ್ತರಿಸಿ, ಬೇರು ನೀರಿಗೆ ತಾಗುವಷ್ಟು ಆಳಕ್ಕೆ ಖಡಿಯಲ್ಲಿ ಕೂರಿಸಿ. ಬಾತು ತೊಟ್ಟಿಗೆ ಹಾರಿ ಬರದಂತೆ ಸುತ್ತ ಎರಡು ಅಡಿ ಜಾಳಿಗೆ ಕಟ್ಟುವುದನ್ನು ನೆಟ್ಟ ದಿನವೇ ಮುಗಿಸಿ.