ಆರ್ಕೆಸ್ಟ್ರಾ ಕಿಟ್‌ಗೆ ಎರಡನೇ ಸ್ನೇರ್ ಬೇಕಾ? ಬಾರಿಸಿದವರು ಹೇಳಿ

ಗಣೇಶನ ಸೀಸನ್‌ನಲ್ಲಿ ಆರ್ಕೆಸ್ಟ್ರಾಗೆ ಡ್ರಮ್ಸ್ ಬಾರಿಸುತ್ತೇನೆ. ಇರುವುದು 14 ಇಂಚಿನ ಒಂದೇ ಸ್ನೇರ್ (ಕೆಳಗಡೆ ತಂತಿ ಕಟ್ಟಿದ ಡ್ರಮ್). ಮೆಲೋಡಿ ಹಾಡಿಗೆ ದಪ್ಪ ಸದ್ದು ಬೇಕು. ಅದು ಮುಗಿದ ಕೂಡಲೇ ಕುಣಿಯುವ ಹಾಡು, ಅದಕ್ಕೆ ಚುರುಕು ಸದ್ದು ಬೇಕು. ನಡುವೆ ಟ್ಯೂನ್ ಮಾಡಲು ಸಮಯ ಸಿಗಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೊಂದು ತಗೊಳ್ಳಲಾ? ಯಾವ ಅಳತೆ? ಎಲ್ಲಿಡಲಿ?

ಉತ್ತರ 1
ತಗೊಳ್ಳಿ ಸರ್, ಆದರೆ ಮತ್ತೊಂದು 14 ಇಂಚಿನದ್ದು ಬೇಡ. ನಾನು ಮೊದಲು ಅದನ್ನೇ ಮಾಡಿದ್ದೆ. ಕೂತು ಬಾರಿಸುವ ನನಗೆ ವ್ಯತ್ಯಾಸ ಗೊತ್ತಾಗುತ್ತಿತ್ತು, ಮುಂದೆ ನಿಂತವರಿಗೆ ಎರಡೂ ಒಂದೇ. ಈಗ 14ರದ್ದು 6.5 ಇಂಚು ಆಳದ್ದು, ಅದನ್ನು ತಗ್ಗಿನಲ್ಲಿ ಟ್ಯೂನ್ ಮಾಡಿರುತ್ತೇನೆ. ಪಕ್ಕದ್ದು 12 ಇಂಚು ಅಗಲ, 5 ಇಂಚು ಆಳದ್ದು, ಬಿಗಿಯಾಗಿ. ಡ್ರಮ್ಮರ್ ಮೈಕ್ ಪೋರ್ಟ್‌ನಾಯ್ ಹೆಸರಲ್ಲಿ ಟಾಮಾ ಕಂಪನಿ ತಂದ ಸ್ನೇರ್‌ಗಳಲ್ಲೂ 14 ಮತ್ತು 12 ಇಂಚಿನವು ಇದ್ದವು. 10 ಇಂಚಿನದ್ದು ಇನ್ನೂ ಚೂಪು. ನನಗೆ ಇಡೀ ಹಾಡಿಗೆ ಅದು ತೆಳು ಅನಿಸಿತು.

ಜಾಗ ಹೈ-ಹ್ಯಾಟ್‌ನ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಟ್ಟೆ) ಎಡಕ್ಕೆ. ಎತ್ತರ ದೊಡ್ಡ ಸ್ನೇರ್‌ನಷ್ಟೇ, ನಿಮ್ಮ ಕಡೆ ಸ್ವಲ್ಪ ವಾಲಿರಲಿ. ಬಲಗೈ ಹೈ-ಹ್ಯಾಟ್ ಬಿಡುವುದೇ ಬೇಡ, ಎಡಗೈ ಮಾತ್ರ ಹೋಗಿ ಬರುತ್ತದೆ. ಫ್ಲೋರ್ ಟಾಮ್ (ಬಲಗಡೆ ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್) ಕಡೆ ಇಟ್ಟಿದ್ದಾಗ ನಾನು ಬರೀ ರೋಲ್‌ಗೆ ಬಳಸುತ್ತಿದ್ದೆ, ತಾಳ ಹಿಡಿಯಲು ಆಗುತ್ತಿರಲಿಲ್ಲ.

ಉತ್ತರ 2
ತಂತಿಯ ಗುಂಯ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಎರಡು ಸ್ನೇರ್ ಅಂದರೆ ಎರಡು ಸೆಟ್ ತಂತಿ. ಟಾಮ್ ಹೊಡೆದರೂ, ಬೇಸ್ ಗಿಟಾರ್ ನುಡಿದರೂ ಎರಡೂ ಗಲಗಲ ಅನ್ನುತ್ತವೆ. 12ರ ಸ್ನೇರ್ ಮತ್ತು 12ರ ಟಾಮ್ ಒಂದೇ ಸ್ವರದಲ್ಲಿದ್ದರೆ ಇನ್ನೂ ಜಾಸ್ತಿ. ಟಾಮ್‌ನ ಸ್ವರವನ್ನು ಸ್ವಲ್ಪ ಇಳಿಸಿ. ಸ್ನೇರ್‌ನ ಕೆಳಗಿನ ಹೆಡ್‌ನಲ್ಲಿ (ಡ್ರಮ್‌ಗೆ ಬಿಗಿದ ಹಾಳೆ) ತಂತಿಯ ಎರಡು ತುದಿಯ ಪಕ್ಕದ ಲಗ್‌ಗಳ ತಿರುಪುಗಳನ್ನು ಅರ್ಧ ಸುತ್ತು ಸಡಿಲ ಮಾಡಿ ನೋಡಿ. ಆ ಸ್ನೇರ್ ಬಾರಿಸದ ಹಾಡಿನಲ್ಲಿ ತಂತಿ ಬಿಗಿ ಹಿಡಿಯುವ ಲಿವರ್ ಇಳಿಸಿ ತಂತಿ ಬಿಟ್ಟುಬಿಡಿ. ತಂತಿ ಬಿಟ್ಟ 12 ಇಂಚು ಟಿಂಬಾಲೆ (ಲ್ಯಾಟಿನ್ ಸಂಗೀತದ ಡ್ರಮ್) ತರಹ ಕೇಳುತ್ತದೆ. ತಮಟೆ ಏಟಿನ ಹಾಡುಗಳಲ್ಲಿ ನಾನು ಹಾಗೇ ಬಾರಿಸುತ್ತೇನೆ, ತುಂಬಾ ಖುಷಿ ಕೊಡುತ್ತದೆ.

ಉತ್ತರ 3
ಸೌಂಡ್‌ನವರಿಗೆ ಹಿಂದಿನ ದಿನವೇ ಫೋನ್ ಮಾಡಿ, ಒಂದು ಮೈಕ್ ಜಾಸ್ತಿ ಬೇಕು ಅಂತ ಹೇಳಿ. ನನ್ನದೊಂದು ಪ್ರೋಗ್ರಾಮ್‌ನಲ್ಲಿ ಮಿಕ್ಸರ್‌ನ ಚಾನೆಲ್ ಖಾಲಿ ಇರಲಿಲ್ಲ. ರಾತ್ರಿಯಿಡೀ ಪಕ್ಕದ ಸ್ನೇರ್ ನನಗೊಬ್ಬನಿಗೇ ಕೇಳಿಸಿತು.

ಹಳೇದು ನೋಡಲು ಹೋದಾಗ ಲಿವರನ್ನು ಹತ್ತು ಸಲ ಎತ್ತಿ ಇಳಿಸಿ. ಹೆಡ್ ಬಿಚ್ಚಿಸಿ, ಶೆಲ್ಲನ್ನು (ಡ್ರಮ್‌ನ ದುಂಡು ಮೈ) ಗಾಜಿನ ಟೇಬಲ್ ಮೇಲೆ ಮಗುಚಿಡಿ. ಅಂಚು ಎಲ್ಲಾ ಕಡೆ ಕೂರದಿದ್ದರೆ ಬಿಟ್ಟುಬಿಡಿ, ಅದರಲ್ಲಿ ಟ್ಯೂನಿಂಗ್ ನಿಲ್ಲಲ್ಲ. ಸ್ಟ್ಯಾಂಡ್ ಬೆಲೆಯನ್ನೂ ಸೇರಿಸಿಕೊಳ್ಳಿ. 14ಕ್ಕೆ ಮಾಡಿದ ಕೆಲವು ಸ್ಟ್ಯಾಂಡ್‌ಗಳ ತೋಳು 12 ಇಂಚನ್ನು ಹಿಡಿಯುವಷ್ಟು ಮುಚ್ಚುವುದಿಲ್ಲ.